ಬಾಣಂತಿಗೆ ಹೋಮಿಯೋಪತಿ ಗುಳಿಗೆ ಕೊಡುತ್ತಿದ್ದೇವೆ, ಆಸ್ಪತ್ರೆಯ ಮಾತ್ರೆ ನಿಲ್ಲಿಸಬಹುದೇ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಮಗಳು ಚೊಚ್ಚಲ ಬಾಣಂತನಕ್ಕೆ ಮನೆಗೆ ಬಂದಿದ್ದಾಳೆ. ಹೆರಿಗೆಯಾಗಿ 18 ದಿನ. ನಾರ್ಮಲ್ ಹೆರಿಗೆ, ಹೊಲಿಗೆ ಹಾಕಿದ್ದಾರೆ. ಆಸ್ಪತ್ರೆಯಿಂದ ಬರುವಾಗ ಹಿಮೋಗ್ಲೋಬಿನ್ 8.6 ಇತ್ತು. ನಮ್ಮ ಮನೆಯಲ್ಲಿ ಮೊದಲಿನಿಂದಲೂ ಹೋಮಿಯೋಪತಿ ರೂಢಿ. ಹೊಲಿಗೆ ನೋವಿಗೆ ಅರ್ನಿಕಾ 200 ಮತ್ತು ಬೆಲ್ಲಿಸ್ ಪೆರೆನ್ನಿಸ್ 30, ರಕ್ತಕ್ಕೆ ಫೆರಮ್ ಫಾಸ್ 6ಎಕ್ಸ್ ಕೊಡುತ್ತಿದ್ದೇವೆ. ಕಬ್ಬಿಣದ ಮಾತ್ರೆ ಜೊತೆಯಲ್ಲಿ ತಗೊಂಡರೆ ಗುಳಿಗೆಯ ಶಕ್ತಿ ಹೋಗುತ್ತದೆ ಅಂತ ಪರಿಚಯದವರೊಬ್ಬರು ಹೇಳಿದ್ದಕ್ಕೆ ಅದನ್ನು ನಿಲ್ಲಿಸಿದ್ದೇವೆ. ಹೊಲಿಗೆ ನೋವು ಕಡಿಮೆಯಾಗಿದೆ. ಆದರೆ ಸುಸ್ತು ಜಾಸ್ತಿ, ಸುಮ್ಸುಮ್ನೆ ಅಳುತ್ತಾಳೆ. ಬೆಳ್ಳುಳ್ಳಿ, ಕಾಫಿ ಬಿಡಬೇಕು ಅಂತಲೂ ಹೇಳಿದ್ದಾರೆ. ಹೋಮಿಯೋಪತಿಯಿಂದ ಬಾಣಂತಿ ಬೇಗ ಚೇತರಿಸಿಕೊಳ್ಳುತ್ತಾಳಾ?

ಉತ್ತರ:

ಕಬ್ಬಿಣದ ಮಾತ್ರೆಯನ್ನು ಇವತ್ತೇ ಮತ್ತೆ ಶುರು ಮಾಡಿಸಿ. ಉಳಿದದ್ದನ್ನು ಆಮೇಲೆ ಓದಿದರೂ ಆಯಿತು. 8.6 ಅಂದರೆ ಬಾಣಂತಿಗೆ ಸಾಲದ ರಕ್ತ. ಅದರ ಮೇಲೆ ಹಾಲೂಡಿಸುತ್ತಿದ್ದಾಳೆ, ರಾತ್ರಿ ನಿದ್ದೆಯಿಲ್ಲ. ಅವಳ ಸುಸ್ತಿಗೆ ಬೇರೆ ಕಾರಣಗಳೂ ಇರಬಹುದು. ಆದರೆ ಕಣ್ಣೆದುರಿಗೇ ಇರುವ ಕಾರಣ ಇದು, ಮತ್ತು ಇದಕ್ಕೆ ಔಷಧ ನಿಮ್ಮ ಮನೆಯ ಕಪಾಟಿನಲ್ಲೇ ಇದೆ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಹೋಮಿಯೋಪತಿ ಗುಳಿಗೆಯಿಂದ ಬಾಣಂತಿ ಬೇಗ ಚೇತರಿಸಿಕೊಳ್ಳುತ್ತಾಳೆ ಅನ್ನುವುದಕ್ಕೆ ನಂಬಬಹುದಾದ ಆಧಾರ ಇಲ್ಲ. ಅರ್ನಿಕಾ 200, ಬೆಲ್ಲಿಸ್ 30ರ ಸಕ್ಕರೆ ಗುಳಿಗೆಗಳಿಂದ ನಿಮ್ಮ ಮಗಳಿಗಾಗಲಿ ಮಗುವಿಗಾಗಲಿ ನೇರವಾದ ಕೆಡುಕೂ ಇಲ್ಲ. ನನಗೆ ಭಯ ಇರುವುದು ಗುಳಿಗೆಯ ಬಗ್ಗೆ ಅಲ್ಲ. ಗುಳಿಗೆಗೋಸ್ಕರ ಏನನ್ನು ಬಿಟ್ಟಿರಿ, ಯಾವುದನ್ನು ನಾಲ್ಕು ದಿನ ನೋಡೋಣ ಅಂತ ಮುಂದೆ ಹಾಕಿದಿರಿ, ಅದರ ಬಗ್ಗೆ.

ಗುಳಿಗೆಯಲ್ಲಿ ಏನಿದೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅರ್ನಿಕಾ ಯುರೋಪಿನ ಬೆಟ್ಟಗಳಲ್ಲಿ ಬೆಳೆಯುವ ಹಳದಿ ಹೂವಿನ ಗಿಡ. ಅದರ ಸಾರ ಒಂದು ಪಾಲು, ನೀರು ಅಥವಾ ಮದ್ಯಸಾರ 99 ಪಾಲು ಸೇರಿಸಿ ಕುಲುಕಿದರೆ 1ಸಿ. ಅದರಲ್ಲಿ ಒಂದು ಪಾಲು ತೆಗೆದು ಮತ್ತೆ 99 ಪಾಲು ಸೇರಿಸಿದರೆ 2ಸಿ. ಹೀಗೆ 200 ಸಲ ಮಾಡಿದ್ದು ಅರ್ನಿಕಾ 200. ನಮ್ಮ ಲಿಂಗನಮಕ್ಕಿ ತುಂಬಿದಾಗ ಸುಮಾರು 151 ಟಿಎಂಸಿ ನೀರು ನಿಲ್ಲುತ್ತದೆ ಅಲ್ವಾ? ಅಷ್ಟೂ ನೀರಿಗೆ ಒಂದೇ ಒಂದು ಹನಿ ಸಾರ ಬಿಟ್ಟು ಕಲಸಿದರೂ 9ಸಿ ಹತ್ತಿರಕ್ಕೆ ಬರುತ್ತದೆ, ಅಷ್ಟೇ. 12ಸಿ ದಾಟಿದ ಮೇಲೆ ಮೂಲ ಗಿಡದ ಒಂದು ಅಣುವೂ ಉಳಿದಿರುವ ಸಂಭವ ತೀರಾ ಕಡಿಮೆ. 30, 200 ಎಲ್ಲ ಅದನ್ನು ದಾಟಿ ಬಹಳ ದೂರ ಹೋದವು. ಹೋಮಿಯೋಪತಿಯವರು ನೀರಿಗೆ ಆ ವಸ್ತುವಿನ ಗುಣ ಉಳಿಯುತ್ತದೆ ಅನ್ನುತ್ತಾರೆ. ಅದು ಅವರ ನಂಬಿಕೆ. ಅಳತೆ ಮಾಡಿ ತೋರಿಸಿದವರು ಯಾರೂ ಇಲ್ಲ.

ಹಾಗಾದರೆ ಹೊಲಿಗೆ ನೋವು ಕಡಿಮೆಯಾದದ್ದು ಹೇಗೆ ಅಂತ ನೀವು ಕೇಳಬಹುದು. ಹೆರಿಗೆಯ ಹೊಲಿಗೆ ಸಾಮಾನ್ಯವಾಗಿ ಎರಡು ಮೂರು ವಾರದಲ್ಲಿ ಕೂಡಿಕೊಳ್ಳುತ್ತದೆ. ಆ ಜಾಗಕ್ಕೆ ರಕ್ತ ಓಡಾಟ ಚೆನ್ನಾಗಿದೆ, ಹಾಗಾಗಿ ಬೇಗ ಮಾಯುತ್ತದೆ. ದಾರ ಕೂಡ ತಾನಾಗಿಯೇ ಕರಗುತ್ತದೆ. ಮೊದಲ ವಾರ ಕೂರಲಿಕ್ಕೂ ಆಗದವರು ಹದಿನೆಂಟನೇ ದಿನಕ್ಕೆ ನೆಮ್ಮದಿಯಾಗಿ ಕೂರುತ್ತಾರೆ. ಗುಳಿಗೆ ತಗೊಂಡವರೂ ಕೂರುತ್ತಾರೆ, ತಗೊಳ್ಳದವರೂ ಕೂರುತ್ತಾರೆ. ಬಾಣಂತನದಲ್ಲಿ ಹೆಚ್ಚಿನ ತೊಂದರೆಗಳು ಹೀಗೆಯೇ. ಮಗು ಹಾಲು ಕುಡಿಯುವಾಗ ಹೊಟ್ಟೆ ಹಿಂಡಿದಂತಾಗುವ ನೋವು ಕೆಲವೇ ದಿನಗಳಲ್ಲಿ ನಿಲ್ಲುತ್ತದೆ. ಕೆಂಪಗೆ ಹೋಗುತ್ತಿದ್ದ ಸ್ರಾವ ಕಂದು ಬಣ್ಣಕ್ಕೆ, ಆಮೇಲೆ ಬಿಳಿ ಹಳದಿಗೆ ತಿರುಗಿ ನಾಲ್ಕಾರು ವಾರದಲ್ಲಿ ನಿಲ್ಲುತ್ತದೆ. ತಾನಾಗಿ ವಾಸಿಯಾಗುವ ಕಾಲದಲ್ಲಿ ಏನನ್ನು ಕೊಟ್ಟರೂ ಅದಕ್ಕೇ ಹೆಸರು ಬರುತ್ತದೆ.

ಅದಕ್ಕೇ ಪರೀಕ್ಷೆ ಮಾಡುವಾಗ ಒಂದು ಗುಂಪಿಗೆ ಔಷಧ, ಇನ್ನೊಂದು ಗುಂಪಿಗೆ ನೋಡಲಿಕ್ಕೆ ಹಾಗೆಯೇ ಇರುವ ಬರೀ ಸಕ್ಕರೆ ಗುಳಿಗೆ ಕೊಟ್ಟು ಹೋಲಿಸಬೇಕು. ಹೆರಿಗೆಯಾದವರಲ್ಲಿ ಇಂಥ ಪರೀಕ್ಷೆಗಳು ನಡೆದಿವೆ. 1990ರಲ್ಲಿ ದಕ್ಷಿಣ ಆಫ್ರಿಕಾದ ವೈದ್ಯರು ಪ್ರಕಟಿಸಿದ ಅಧ್ಯಯನದಲ್ಲಿ ಅರ್ನಿಕಾ ತಗೊಂಡವರಿಗೂ ಬರೀ ಗುಳಿಗೆ ತಗೊಂಡವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. 2005ರಲ್ಲಿ ಇಸ್ರೇಲಿನಿಂದ ಬಂದ ಇನ್ನೊಂದು ಅಧ್ಯಯನ ನೀವು ಕೊಡುತ್ತಿರುವ ಜೋಡಿಯದ್ದೇ, ಅರ್ನಿಕಾ ಮತ್ತು ಬೆಲ್ಲಿಸ್ ಪೆರೆನ್ನಿಸ್. ಅದರಲ್ಲಿ ಗುಳಿಗೆ ತಗೊಂಡವರ ಹಿಮೋಗ್ಲೋಬಿನ್ ಕಡಿಮೆ ಇಳಿಯಿತು ಅಂತ ಬರೆದರು. ಹೋಮಿಯೋಪತಿ ಪರವಾಗಿ ಮಾತಾಡುವವರು ಇದನ್ನೇ ಹೆಚ್ಚು ಹೇಳುತ್ತಾರೆ. ಆದರೆ ಅದರಲ್ಲಿದ್ದವರು ಒಟ್ಟು 40 ಬಾಣಂತಿಯರು. ಅದನ್ನು ಮಾಡಿದವರೇ ಆರಂಭದ ಫಲಿತಾಂಶ ಅಂತ ಕರೆದಿದ್ದಾರೆ. ಅಷ್ಟು ಸಣ್ಣ ಗುಂಪಿನಲ್ಲಿ ಒಬ್ಬಿಬ್ಬರಿಗೆ ರಕ್ತ ಜಾಸ್ತಿ ಹೋದರೂ ಲೆಕ್ಕ ತಲೆಕೆಳಗಾಗುತ್ತದೆ. ಅದನ್ನು ನೆಚ್ಚಿಕೊಂಡು ನಾನು ಯಾವ ಬಾಣಂತಿಗೂ ಔಷಧ ಬರೆಯಲಾರೆ. ಆಸ್ಟ್ರೇಲಿಯಾ ಸರ್ಕಾರದ ವೈದ್ಯಕೀಯ ಸಂಶೋಧನಾ ಮಂಡಳಿ 2015ರಲ್ಲಿ ಬೇರೆ ಬೇರೆ ಕಾಯಿಲೆಗಳ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿತು. ಹೋಮಿಯೋಪತಿ ಕೆಲಸ ಮಾಡುತ್ತದೆ ಅನ್ನಲು ನಂಬಬಹುದಾದ ಪುರಾವೆ ಯಾವ ಕಾಯಿಲೆಗೂ ಸಿಗಲಿಲ್ಲ ಅಂತ ಹೇಳಿತು.

ಇಷ್ಟಾದರೂ ಜನ ಯಾಕೆ ನಂಬುತ್ತಾರೆ? ಅದಕ್ಕೂ ಒಳ್ಳೆಯ ಕಾರಣ ಇದೆ. ಜರ್ಮನಿಯ ಹಾನೆಮನ್ 1796ರಲ್ಲಿ ಈ ಪದ್ಧತಿಯ ಮಾತು ಎತ್ತಿದಾಗ ಅಲ್ಲಿನ ವೈದ್ಯರು ರಕ್ತ ತೆಗೆಯುತ್ತಿದ್ದರು, ಪಾದರಸ ಕುಡಿಸುತ್ತಿದ್ದರು. ಅದರ ಎದುರು ಈ ಗುಳಿಗೆ ತಗೊಂಡವರು ಚೆನ್ನಾಗಿದ್ದದ್ದರಲ್ಲಿ ಆಶ್ಚರ್ಯವಿಲ್ಲ. ನಮ್ಮ ಮಲೆನಾಡಿನಲ್ಲಿ ಇವತ್ತಿಗೂ ಹೋಮಿಯೋಪತಿ ವೈದ್ಯರು ಕೂರಿಸಿ ಅರ್ಧ ಗಂಟೆ ಮಾತಾಡಿಸುತ್ತಾರೆ. ನಿದ್ದೆ ಹೇಗೆ, ಮನಸ್ಸು ಹೇಗೆ ಅಂತ ಕೇಳುತ್ತಾರೆ. ತುಂಬಿದ ಹೊರರೋಗಿ ವಿಭಾಗದಲ್ಲಿ ನಾವು ಎರಡು ನಿಮಿಷ ಕೊಟ್ಟು ಕಳಿಸುತ್ತೇವೆ. ಬಾಣಂತಿಗೆ ಆ ಅರ್ಧ ಗಂಟೆ ಬೇಕು. ಅದರಿಂದ ಸಿಗುವ ಸಮಾಧಾನ ಸುಳ್ಳಲ್ಲ.

ಆದರೆ ಫೆರಮ್ ಫಾಸ್ ವಿಷಯದಲ್ಲಿ ನಾನು ಗಟ್ಟಿಯಾಗಿ ಹೇಳಲೇಬೇಕು. ಅದರ ಹೆಸರಿನಲ್ಲಿ ಕಬ್ಬಿಣ ಇದೆ, ರಕ್ತ ಹೆಚ್ಚುತ್ತದೆ ಅಂತ ಹಳ್ಳಿ ಹಳ್ಳಿಯಲ್ಲೂ ಕೊಡುತ್ತಾರೆ. 6ಎಕ್ಸ್ ಅಂದರೆ ಹತ್ತರಲ್ಲಿ ಒಂದು ಪಾಲಿನಂತೆ ಆರು ಸಲ ಇಳಿಸಿದ್ದು. ಅಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು. ಮಾತ್ರೆಯ ತೂಕ 100 ಮಿಲಿಗ್ರಾಂ ಅಂದುಕೊಂಡರೆ ಅದರಲ್ಲಿರುವ ಕಬ್ಬಿಣದ ಉಪ್ಪು 0.0001 ಮಿಲಿಗ್ರಾಂ. ಸರ್ಕಾರಿ ಆಸ್ಪತ್ರೆಯಲ್ಲಿ ಬಿಟ್ಟಿ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, ಜೊತೆಗೆ ಫೋಲಿಕ್ ಆಸಿಡ್ ಇದೆ. ಆ ಒಂದು ಮಾತ್ರೆಗೆ ಸಮ ಆಗಬೇಕಾದರೆ ಫೆರಮ್ ಫಾಸ್ ಲಕ್ಷಗಟ್ಟಲೆ ನುಂಗಬೇಕು. ಕ್ಯಾಲ್ಸಿಯಂ ಮಾತ್ರೆಯ ಬದಲು ಕಲ್ಕೇರಿಯಾ ಫಾಸ್ ಕೊಡುವವರಿಗೂ ಇದೇ ಲೆಕ್ಕ.

ಕರ್ನಾಟಕದ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನಕ್ಕೆ ರಕ್ತ ಕಡಿಮೆ. ಅದಕ್ಕೇ ಹೆರಿಗೆಯಾದ ಎಲ್ಲರಿಗೂ ದಿನಕ್ಕೊಂದು ಕಬ್ಬಿಣದ ಮಾತ್ರೆ, 180 ದಿನ ಕೊಡಬೇಕು ಅನ್ನುವುದು ನಮ್ಮ ದೇಶದ ಕ್ರಮ. ನಿಮ್ಮ ಮಗಳ ಹಾಗೆ 7ರಿಂದ 11ರ ಒಳಗೆ ಇರುವವರಿಗೆ ಸಾಮಾನ್ಯವಾಗಿ ದಿನಕ್ಕೆ ಎರಡು ಕೊಡುತ್ತಾರೆ. ಹೆರಿಗೆ ಮಾಡಿಸಿದ ವೈದ್ಯರನ್ನೋ ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನೋ ಕೇಳಿ ಎಷ್ಟು ಅಂತ ಖಚಿತ ಮಾಡಿಕೊಳ್ಳಿ. ಮಾತ್ರೆಯನ್ನು ಕಾಫಿ, ಟೀ, ಹಾಲಿನ ಜೊತೆ ಕೊಡಬೇಡಿ. ಕಾಫಿಗೂ ಅದಕ್ಕೂ ಒಂದು ಗಂಟೆಯಾದರೂ ಅಂತರ ಇರಲಿ. ಕ್ಯಾಲ್ಸಿಯಂ ಮಾತ್ರೆ ಬೇರೆ ಹೊತ್ತಿಗೆ. ನಿಂಬೆ ಪಾನಕದ ಜೊತೆ ಕೊಟ್ಟರೆ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ. ಹುಳಿ ಅಂದರೆ ಮಗುವಿಗೆ ಶೀತ ಅನ್ನುವ ಹೆದರಿಕೆ ಬಿಡಿ. ಮಲ ಕಪ್ಪಗೆ ಹೋದರೆ ಗಾಬರಿಯಾಗಬೇಡಿ, ಅದು ಕಬ್ಬಿಣದ್ದೇ. ಹೊಟ್ಟೆ ಉರಿ, ವಾಕರಿಕೆ ಬಂದರೆ ಊಟದ ನಂತರ ಕೊಡಿ. ಅದೂ ಆಗದಿದ್ದರೆ ನಿಲ್ಲಿಸುವ ಬದಲು ವೈದ್ಯರಿಗೆ ಹೇಳಿ. ರಕ್ತನಾಳದ ಮೂಲಕ ಕಬ್ಬಿಣ ಕೊಡುವ ದಾರಿಯೂ ಇದೆ.

ಕಬ್ಬಿಣದಿಂದ ಹೋಮಿಯೋಪತಿಯ ಶಕ್ತಿ ಹೋಗುತ್ತದೆ ಅನ್ನುವುದಕ್ಕೆ ಯಾವ ಆಧಾರವೂ ಇಲ್ಲ. ಗುಳಿಗೆ ಬೇಕೇ ಬೇಕು ಅಂತಿದ್ದರೆ ಕೊಡಿ, ನಾನು ಜಗಳ ಆಡುವುದಿಲ್ಲ. ಕಬ್ಬಿಣ ಮಾತ್ರ ನಿಲ್ಲಬಾರದು.

ಬಾಣಂತಿ ಸ್ನಾನದ ಬಗ್ಗೆಯೂ ಒಂದು ಮಾತು, ರಕ್ತ ಕಡಿಮೆ ಇರುವವರಿಗೆ ಇದು ಮುಖ್ಯ. ಹಂಡೆ ತುಂಬ ಕುದಿವ ನೀರು ಕಾಯಿಸಿ, ಬಾಗಿಲು ಮುಚ್ಚಿದ ಬಚ್ಚಲಲ್ಲಿ ತಲೆಗೆ ಮೈಗೆ ಹುಯ್ದರೆ ರಕ್ತನಾಳಗಳು ಹಿಗ್ಗಿ ಬಿಪಿ ಇಳಿಯುತ್ತದೆ. 8.6 ಇರುವ ಹುಡುಗಿ ಅಲ್ಲೇ ಕಣ್ಣು ಕತ್ತಲೆ ಬಂದು ಬೀಳಬಹುದು. ನೀರು ಹದವಾಗಿರಲಿ, ಹತ್ತಿರ ಯಾರಾದರೂ ಇರಲಿ. ಕುಡಿಯಲಿಕ್ಕೆ ನೀರು ಕಡಿಮೆ ಕೊಡುವ ಪದ್ಧತಿ ನಿಮ್ಮಲ್ಲಿದ್ದರೆ ದಯವಿಟ್ಟು ಬಿಡಿ. ಬಾಣಂತಿಯಲ್ಲಿ ರಕ್ತ ಸುಲಭವಾಗಿ ಹೆಪ್ಪುಗಟ್ಟುತ್ತದೆ. ನೀರು ಕಡಿಮೆಯಾದರೆ ಕಾಲಿನಲ್ಲಿ, ಕೆಲವೊಮ್ಮೆ ಮಿದುಳಿನ ರಕ್ತನಾಳದಲ್ಲೂ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ. ಬಾಯಾರಿದಾಗೆಲ್ಲ ಕುಡಿಯಲಿ.

ಈಗ ಅವಳ ಅಳುವಿನ ವಿಷಯ. ನೀವು ಅದನ್ನು ಅರ್ಧ ಸಾಲಿನಲ್ಲಿ ಬರೆದಿದ್ದೀರಿ. ನನ್ನ ಕಣ್ಣು ನಿಂತದ್ದು ಅಲ್ಲೇ. ಹೆರಿಗೆಯಾದ ಮೂರನೇ ನಾಲ್ಕನೇ ದಿನ ಸುಮ್ನೆ ಅಳು ಬರುವುದು ತೀರಾ ಸಾಮಾನ್ಯ. ಎರಡು ವಾರದೊಳಗೆ ಅದು ಇಳಿಯಬೇಕು. ನಿಮ್ಮ ಮಗಳಿಗೆ 18 ದಿನ ಆಗಿದೆ. ಎರಡು ವಾರ ದಾಟಿಯೂ ಅಳು ಇದೆ ಅಂದರೆ ಬಾಣಂತಿ ಖಿನ್ನತೆ ಇರಬಹುದಾ ಅಂತ ನೋಡಲೇಬೇಕು. ನಮ್ಮ ದೇಶದಲ್ಲಿ ಸುಮಾರು ಐವರು ಬಾಣಂತಿಯರಲ್ಲಿ ಒಬ್ಬರಿಗೆ ಇದು ಬರುತ್ತದೆ. ಇಂಥ ಹೊತ್ತಿನಲ್ಲಿ ಸೆಪಿಯಾ, ಇಗ್ನೇಷಿಯಾ ಅನ್ನುವ ಹೋಮಿಯೋಪತಿ ಗುಳಿಗೆ ಕೊಟ್ಟು ಕಾಯುವುದು ರೂಢಿ. ಹಾಗೆ ಕಾಯುತ್ತಾ ತಿಂಗಳು ಕಳೆದುಬಿಡುತ್ತದೆ, ತಾಯಿ ಒಳಗೊಳಗೇ ಕುಸಿಯುತ್ತಾಳೆ.

ಮಗು ಮಲಗಿದಾಗಲೂ ಅವಳಿಗೆ ನಿದ್ದೆ ಬರುವುದಿಲ್ಲವಾ? ಮಗುವಿನ ಮೇಲೆ ಮನಸ್ಸೇ ಇಲ್ಲ ಅನ್ನುತ್ತಾಳಾ? ನಾನು ಒಳ್ಳೆ ತಾಯಿ ಅಲ್ಲ, ನಾನಿದ್ದು ಏನು ಪ್ರಯೋಜನ ಅನ್ನುತ್ತಾಳಾ? ನೀವೇ ಹತ್ತಿರ ಕೂತು, ಬೇರೆಯವರಿಲ್ಲದಾಗ ನಿಧಾನವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೋಗುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. ವೈದ್ಯರು ಇದಕ್ಕೆ ಎಡಿನ್‌ಬರೋ ಅನ್ನುವ ಹತ್ತು ಪ್ರಶ್ನೆಗಳ ಪಟ್ಟಿ ಬಳಸುತ್ತಾರೆ, ಅದು ಕನ್ನಡದಲ್ಲೂ ಇದೆ. ಜೊತೆಗೆ ಥೈರಾಯ್ಡ್ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಹೆರಿಗೆಯ ನಂತರ ಅದು ಏರುಪೇರಾದರೂ ಸುಸ್ತು, ಬೇಸರ ಬರುತ್ತದೆ. ಖಿನ್ನತೆಗೆ ಮಾತ್ರೆ ಬೇಕಾದರೂ ಹಾಲೂಡಿಸುತ್ತಲೇ ತಗೊಳ್ಳಬಹುದಾದವು ಇವೆ. ಮನೆಯಿಂದಲೇ ಮಾತಾಡಬೇಕು ಅಂದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದಿನದ ಯಾವ ಹೊತ್ತಿನಲ್ಲಾದರೂ ಸರಿ, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ. ಸಾಯುವ ಮಾತು ಆಡಿದರೆ, ಮಗುವಿಗೆ ಏನಾದರೂ ಮಾಡಿಬಿಡುತ್ತೇನೋ ಅಂದರೆ, ಇಲ್ಲದ ದನಿ ಕೇಳುತ್ತದೆ ಅಂದರೆ, ರಾತ್ರಿಯಿಡೀ ನಿದ್ದೆಯಿಲ್ಲದೆ ಏನೇನೋ ಮಾತಾಡಿದರೆ ಅದು ನಮ್ಮ ಹಿರಿಯರು ಬಾಣಂತಿ ಸನ್ನಿ ಅನ್ನುತ್ತಿದ್ದದ್ದು ಆಗಿರಬಹುದು. ಅವಳನ್ನು ಒಂದು ಗಳಿಗೆಯೂ ಒಂಟಿ ಬಿಡದೆ ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮಂತ್ರ, ಗುಳಿಗೆ, ಕಷಾಯ ಯಾವುದಕ್ಕೂ ಕಾಯಬೇಡಿ. ಸರಿಯಾದ ಚಿಕಿತ್ಸೆ ಸಿಕ್ಕರೆ ಪೂರ್ತಿ ವಾಸಿಯಾಗುವ ಕಾಯಿಲೆ ಅದು.

ಗುಳಿಗೆ ಕೊಟ್ಟು ನೋಡೋಣ ಅನ್ನಬಾರದ ಇನ್ನೂ ಕೆಲವು ತೊಂದರೆಗಳಿವೆ. ಒಂದು ಗಂಟೆಯಲ್ಲಿ ಒಂದು ಪ್ಯಾಡ್ ಪೂರ್ತಿ ನೆನೆಯುವಷ್ಟು ರಕ್ತ ಹೋಗುವುದು, ನಿಂಬೆಹಣ್ಣಿಗಿಂತ ದೊಡ್ಡ ಗಡ್ಡೆ ಬೀಳುವುದು. ನಿಂತಿದ್ದ ರಕ್ತ ಎರಡು ಮೂರು ವಾರವಾದ ಮೇಲೆ ಮತ್ತೆ ಜೋರಾಗಿ ಶುರುವಾಗುವುದು. ಸ್ರಾವಕ್ಕೆ ಕೆಟ್ಟ ವಾಸನೆ. ಜೋರು ತಲೆನೋವು, ಕಣ್ಣು ಮಂಜು. ಹೆರಿಗೆಯಲ್ಲಿ ಬಿಪಿ ಸರಿ ಇದ್ದವರಿಗೂ ಆರು ವಾರದವರೆಗೆ ಬಿಪಿ ಏರಿ ಫಿಟ್ಸ್ ಬರಬಹುದು. ಒಂದೇ ಕಾಲು ಊದಿ ನೋಯುವುದು, ಉಸಿರು ಕಟ್ಟುವುದು. ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಫೋನ್ ಮಾಡಿ ತೀರ್ಥಹಳ್ಳಿ ತಾಲ್ಲೂಕು ಆಸ್ಪತ್ರೆಗೋ ಶಿವಮೊಗ್ಗದ ಮೆಗ್ಗಾನ್‌ಗೋ ಹೊರಡಿ. ನಿಮ್ಮ ಊರಲ್ಲಿ ನೆಟ್‌ವರ್ಕ್ ಎಲ್ಲಿ ಸಿಗುತ್ತದೆ, ಮಳೆಯಲ್ಲಿ ರಾತ್ರಿ ಯಾರ ಜೀಪು ಬರುತ್ತದೆ ಅಂತ ಈಗಲೇ ಮಾತಾಡಿಟ್ಟುಕೊಳ್ಳಿ.

ಜ್ವರದ ಬಗ್ಗೆ ಬೇರೆಯಾಗಿಯೇ ಹೇಳಬೇಕು. ನಮ್ಮ ಕಡೆ ಬಾಣಂತಿಗೆ ಜ್ವರ ಬಂದರೆ ಹಾಲು ಕಟ್ಟಿದ್ದು, ಶೀತ ಆಗಿದ್ದು ಅಂದುಬಿಡುತ್ತಾರೆ. ಹಾಲು ಕಟ್ಟಿ ಎದೆ ಕೆಂಪಾಗಿ ಜ್ವರ ಬರುವುದು ನಿಜ. ಆಗ ಹಾಲೂಡಿಸುವುದನ್ನು ನಿಲ್ಲಿಸದೆ ತಣ್ಣನೆ ಬಟ್ಟೆ ಇಟ್ಟು, ಒಂದು ದಿನದಲ್ಲಿ ಇಳಿಯದಿದ್ದರೆ ಆಂಟಿಬಯಾಟಿಕ್ ಬೇಕಾಗುತ್ತದೆ. ಬಿಟ್ಟರೆ ಕೀವು ತುಂಬುತ್ತದೆ. ಆದರೆ 100.4 ಡಿಗ್ರಿ ದಾಟಿದ ಜ್ವರ ಗರ್ಭಕೋಶದ ನಂಜೂ ಆಗಿರಬಹುದು, ಅದು ಒಂದೆರಡು ದಿನದಲ್ಲೇ ಜೀವಕ್ಕೆ ಬರುತ್ತದೆ. ಮೇಲೆ ನಾವಿರುವುದು ಮಲೆನಾಡು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಡಿಸೆಂಬರಿನಿಂದ ಮೇ ತನಕ ತೀರ್ಥಹಳ್ಳಿ, ಸಾಗರ, ಹೊಸನಗರದಲ್ಲಿ ಕಾಣಿಸಿಕೊಳ್ಳುತ್ತಲೇ ಇದೆ. ಬಾಣಂತಿ ಕಾಡಿಗೆ ಹೋಗದಿದ್ದರೂ ಕೊಟ್ಟಿಗೆಗೆ ತಂದ ದರಗಿನಲ್ಲಿ, ದನದ ಮೈಮೇಲೆ ಅದನ್ನು ಹರಡುವ ಉಣುಗು ಮನೆಗೆ ಬರುತ್ತದೆ. ಮಳೆಗಾಲದಲ್ಲಿ ಇಲಿಜ್ವರ, ಡೆಂಗಿ. ಯಾವುದು ಅಂತ ರಕ್ತ ಪರೀಕ್ಷೆಯಿಂದಷ್ಟೇ ಗೊತ್ತಾಗುತ್ತದೆ. ಅಲ್ಲಿಯವರೆಗೆ ಜ್ವರಕ್ಕೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಕೊಡಬೇಡಿ.

ಬರೀ ನೋವಿಗೆ, ಜ್ವರ ಇಲ್ಲದಾಗ, ಪ್ಯಾರಾಸಿಟಮಾಲ್ ಮತ್ತು ಐಬುಪ್ರೊಫೆನ್ ಎರಡೂ ಹಾಲೂಡಿಸುವ ತಾಯಿಗೆ ಕೊಡಬಹುದಾದವು. ಅಲ್ಸರ್, ಕಿಡ್ನಿ ತೊಂದರೆ, ಬಿಪಿ ಇರುವವರು ಐಬುಪ್ರೊಫೆನ್ ತಗೊಳ್ಳುವ ಮೊದಲು ಕೇಳಬೇಕು. ಇಂಗ್ಲಿಷ್ ಮಾತ್ರೆ ಹಾಲಿನಲ್ಲಿ ಮಗುವಿಗೆ ಹೋಗುತ್ತದೆ ಅಂತ ನೋವು ನುಂಗಿಕೊಂಡಿರುವ ಹೆಣ್ಣುಮಕ್ಕಳನ್ನು ನೋಡಿದರೆ ಸಂಕಟವಾಗುತ್ತದೆ. ಈ ಎರಡು ಮಾತ್ರೆಗಳಲ್ಲಿ ಹೋಗುವ ಅಂಶ ಬಹಳ ಕಡಿಮೆ, ಮಗುವಿಗೆ ತೊಂದರೆ ಕೊಡುವಷ್ಟಲ್ಲ.

ಹೋಮಿಯೋಪತಿ ಅಂದರೆ ಎಲ್ಲವೂ ನಿರುಪದ್ರವಿ ಅಂತಲೂ ತಿಳಿಯಬೇಡಿ. ಬಾಟಲಿಯ ಮೇಲೆ ಕ್ಯೂ ಅಂತ ಬರೆದಿದ್ದರೆ ಅದು ಮದರ್ ಟಿಂಕ್ಚರ್. ಅದರಲ್ಲಿ ಗಿಡದ ಸಾರ ನಿಜವಾಗಿ ಇರುತ್ತದೆ, ಮದ್ಯಸಾರವೂ ಇರುತ್ತದೆ. ಎದೆ ಗಟ್ಟಿಯಾದರೆ ಕೊಡುವ ಫೈಟೊಲಕ್ಕಾ ಮೂಲದಲ್ಲಿ ವಿಷದ ಗಿಡ. ಅರ್ನಿಕಾದ ಸಾರವೂ ಹೊಟ್ಟೆಗೆ ಹೋಗಬಾರದ್ದು. ಗರ್ಭಕೋಶಕ್ಕೆ ಅಂತ ಕೊಡುವ ಕಾಲೊಫಿಲಮ್ ಕೂಡ ಹಾಗೇ. ಬಾಣಂತಿಗೆ ಇಂಥ ಟಿಂಕ್ಚರ್‌ಗಳನ್ನು ನಾನು ಬೇಡವೇ ಬೇಡ ಅನ್ನುತ್ತೇನೆ.

ಬೆಳ್ಳುಳ್ಳಿ ಬಿಡಬೇಕಿಲ್ಲ. ಗುಳಿಗೆಯ ಪಥ್ಯಕ್ಕೆ ಅಂತ ಬೆಳ್ಳುಳ್ಳಿ ಸಾರು, ಮೆಣಸಿನ ಸಾರು ಬಿಟ್ಟರೆ ಬಾಣಂತಿ ತಟ್ಟೆಯಲ್ಲಿ ಉಳಿಯುವುದೇನು? ಅದರ ಜೊತೆ ಬೇಳೆ, ಸೊಪ್ಪು, ಮೊಟ್ಟೆ, ತಿನ್ನುವವರಾದರೆ ಮೀನು ಮಾಂಸ ಎಲ್ಲ ಕೊಡಿ. ಕಾಫಿ ದಿನಕ್ಕೆ ಒಂದೆರಡು ಲೋಟ ಕುಡಿಯಲಿ, ಕಬ್ಬಿಣದ ಮಾತ್ರೆಯ ಹೊತ್ತು ಬಿಟ್ಟು.

ನಿಮ್ಮ ಹೋಮಿಯೋಪತಿ ವೈದ್ಯರನ್ನು ಬಿಡಿ ಅಂತ ನಾನು ಹೇಳುತ್ತಿಲ್ಲ. ಕಬ್ಬಿಣ ನಿಲ್ಲಿಸಲು ಹೇಳಿದ್ದು ಅವರಲ್ಲ, ಪರಿಚಯದವರು. ವೈದ್ಯರ ಹತ್ತಿರ ಹೋಗಿ 8.6ರ ರಿಪೋರ್ಟ್ ತೋರಿಸಿ. ಅವಳ ಬಿಪಿ ನೋಡಲು ಹೇಳಿ, ಅಳುವಿನ ವಿಷಯ ಮುಚ್ಚಿಡದೆ ಹೇಳಿ. ಒಳ್ಳೆಯ ವೈದ್ಯರಾದರೆ ಅವರೇ ಆಸ್ಪತ್ರೆಗೆ ಕಳಿಸುತ್ತಾರೆ. ಕಳಿಸದೆ ಗುಳಿಗೆಯ ಶಕ್ತಿ ಏರಿಸಿ ಇನ್ನೊಂದು ವಾರ ನೋಡೋಣ ಅಂದರೆ ಒಪ್ಪಬೇಡಿ.

ಆಶಾ ಕಾರ್ಯಕರ್ತೆ ಹೆರಿಗೆಯ ನಂತರ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರಬೇಕು. ನಿಮಗೆ 21ನೇ ದಿನದ ಭೇಟಿ ಹತ್ತಿರವಿದೆ. ಅವರು ಬಂದಾಗ ಮಗುವಿನ ತೂಕ ನೋಡಿಸಿದರೆ ಸಾಲದು, ತಾಯಿಯ ಸುಸ್ತು, ಅಳು ಎರಡನ್ನೂ ಹೇಳಿ. ತಾಯಿ ಕಾರ್ಡ್ ಹಿಡಿದು ಈ ವಾರವೇ ಮಗಳನ್ನು ಆಸ್ಪತ್ರೆಗೆ ಕರೆದೊಯ್ದು ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ನೋಡಿಸಿ. ಒಂದು ತಿಂಗಳು ಮಾತ್ರೆ ತಪ್ಪದೆ ಕೊಟ್ಟು ಮತ್ತೆ ಹಿಮೋಗ್ಲೋಬಿನ್ ನೋಡಿಸಿ. ಆಗ ಒಂದು ಗ್ರಾಂ ಕೂಡ ಏರದಿದ್ದರೆ ಮಾತ್ರೆ ಮೈಗೆ ಹತ್ತುತ್ತಿಲ್ಲ ಅಥವಾ ರಕ್ತ ಎಲ್ಲೋ ಹೋಗುತ್ತಿದೆ ಅಂತ ಅರ್ಥ. ಕಾರಣ ಹುಡುಕಲು ಹೆರಿಗೆ ವೈದ್ಯರ ಹತ್ತಿರವೇ ಹೋಗಿ.